ಇಪ್ಪತ್ತೆರಡೋ, ಇಪ್ಪತ್ತನಾಲ್ಕೋ

ಗಂಟೆಯಣ್ಣನ ಓದು ಅಷ್ಟಕ್ಕಷ್ಟೆ. ಆದರೆ ಊರಿನಲ್ಲಿ ಯಾರು ಎಷ್ಟು ವರ್ಷ ಬದುಕಿ ಹೋದರು ಎಂಬುದನ್ನು ಅವನ ಭುಜವನ್ನು ಕೇಳಿದರೆ ಸಾಕಿತ್ತು. ಚರ್ಚಿನ ಗೋಪುರದಲ್ಲಿ ಗಂಟೆ ಬಾರಿಸುವ ಕೆಲಸ ಮೂವತ್ತೊಂದು ವರ್ಷದಿಂದ ಅವನದು. ಯಾರಾದರೂ ತೀರಿಕೊಂಡರೆ ಅವರ ವಯಸ್ಸು ಎಷ್ಟೋ ಅಷ್ಟು ಪೆಟ್ಟು. ಒಂದರ ನಾದ ಪೂರ್ತಿ ಅಡಗಿದ ಮೇಲೆಯೇ ಇನ್ನೊಂದು. ಎಣಿಕೆ ತಪ್ಪದಿರಲೆಂದು ಎಡ ಜೇಬಿನ ತುಂಬ ಅಂಗಿಯ ಗುಂಡಿಗಳನ್ನು ಇಟ್ಟುಕೊಂಡು, ಪೆಟ್ಟಿಗೊಂದರಂತೆ ಬಲ ಜೇಬಿಗೆ ಹಾಕುತ್ತಿದ್ದ. ಗುಂಡಿ ಕೊಟ್ಟವಳು ದರ್ಜಿ ಕೆಲಸ ಮಾಡುವ ತಂಗಿ. ತೊಂಬತ್ತು ದಾಟಿದವರು ಸತ್ತ ದಿನ ಊಟದ ತಟ್ಟೆ ಎತ್ತಲೂ ಅವನಿಗೆ ಕೈ ಬರುತ್ತಿರಲಿಲ್ಲ. ಸಾಯೋರಿಗೆ ಸ್ವಲ್ಪ ಬೇಗ ಸಾಯೋಕೇನು ರೋಗ ಎಂದು ಹೆಂಡತಿ ಗೊಣಗುತ್ತಿದ್ದಳು.

ಅದೇ ಗಂಟೆ ದಿನಾ ಸಂಜೆ ಐದಕ್ಕೂ ಬಡಿಯುತ್ತಿತ್ತು. ಸರ್ಕಾರ ಜನರನ್ನು ಮನೆಯಿಂದ, ಬೀದಿಯಿಂದ ಎತ್ತಿಕೊಂಡು ಹೋಗಲು ಶುರುಮಾಡಿ ಎರಡು ವರ್ಷವಾಗುತ್ತ ಬಂದಾಗ ಪಾದ್ರಿಗಳು ಆ ಐದರ ಗಂಟೆಗೆ ಬಾಗಿಲಲ್ಲಿ ನಿಂತು, ಬಂದವರನ್ನು ಕರೆದುಕೊಂಡು ಠಾಣೆಯವರೆಗೆ ನಡೆದು, ಅರ್ಧ ತಾಸು ನಿಂತು ವಾಪಸು ಬರುತ್ತಿದ್ದರು. ಘೋಷಣೆಯಿಲ್ಲ, ಕಲ್ಲಿಲ್ಲ, ಕೈ ಬೆನ್ನ ಹಿಂದೆ. ಮೊದಲು ಹನ್ನೊಂದು ಜನ, ಆಮೇಲೆ ಬೀದಿ ತುಂಬ. ಲಾಠಿ ಹಿಡಿದವನಿಗೆ ಕಲ್ಲು ಹಿಡಿದವನನ್ನು ಕಂಡರೆ ಪ್ರೀತಿ. ಸುಮ್ಮನೆ ನಿಂತವನನ್ನು ಕಂಡರೆ ಮೈಯೆಲ್ಲ ತುರಿಕೆ. ಮೂರು ತಿಂಗಳು ತುರಿಸಿಕೊಂಡ ಮೇಲೆ ಆದೇಶ ಬಂತು: ನಾಲ್ಕಕ್ಕಿಂತ ಹೆಚ್ಚು ಜನ ಒಟ್ಟಿಗೆ ನಡೆಯಕೂಡದು, ಸಾವಿನ ಹೊರತು ಗಂಟೆ ಬಾರಿಸಕೂಡದು.

ಪಾದ್ರಿಗಳು ಕನ್ನಡಕವನ್ನು ಹಣೆಗೇರಿಸಿ ಆ ಕಾಗದವನ್ನು ಎರಡು ಸಲ ಓದಿದರು. ಸಾವಿಗೆ ಬಾರಿಸಬಹುದಂತೆ ಎಂದರು. ಮೇಜಿನ ಖಾನೆಯಿಂದ ಒಂದು ಪಟ್ಟಿ ತೆಗೆದರು. ಊರಿನಿಂದ ಒಯ್ದು ಎಲ್ಲಿಟ್ಟರೆಂದು ಸರ್ಕಾರ ಹೇಳದ ನಲವತ್ತೊಂದು ಜನರ ಪಟ್ಟಿ. ಪ್ರತಿ ಹೆಸರಿನ ಮುಂದೆ ಒಯ್ದ ದಿನದ ವಯಸ್ಸು. ದಿನಕ್ಕೊಬ್ಬರಿಗೆ, ಸಂಜೆ ನಾಲ್ಕಕ್ಕೆ ಬಾರಿಸು ಎಂದರು.

ಗಂಟೆಯಣ್ಣ ತಬ್ಬಿಬ್ಬಾದ. ಅವರು ಸತ್ತಿದ್ದಾರಾ ಎಂದು ಕೇಳಿದ. ಗೊತ್ತಿಲ್ಲ ಎಂದರು ಪಾದ್ರಿಗಳು.

"ಸತ್ತರು ಅಂತ ನಾವು ಹೇಳ್ತಿಲ್ಲಪ್ಪ. ಎಲ್ಲಿದ್ದಾರೆ ಅಂತ ಕೇಳ್ತಿದ್ದೀವಿ."

"ಗಂಟೆಗೆ ಕೇಳೋಕೆ ಬರಲ್ಲ ಫಾದರ್. ಅದಕ್ಕೆ ಹೇಳೋಕೆ ಮಾತ್ರ ಬರೋದು."

ಆದರೂ ಬಾರಿಸಿದ. ಮೊದಲ ದಿನ ಮೂವತ್ತೆಂಟು ಪೆಟ್ಟು. ಅಂಗಡಿಯವರು ತಕ್ಕಡಿ ಬಿಟ್ಟು ಹೊರಗೆ ಬಂದು ಬೆರಳು ಮಡಚುತ್ತ ನಿಂತರು. ಎಣಿಸಿದ ಮೇಲೆ, ಒಯ್ದವರಲ್ಲಿ ಆ ವಯಸ್ಸಿನವನು ಯಾರೆಂದು ತಿಳಿದು ತಲೆ ಬಗ್ಗಿಸಿದರು. ಯಾರೂ ನಡೆಯಲಿಲ್ಲ, ಆದ್ದರಿಂದ ಆದೇಶ ಮುರಿಯಲಿಲ್ಲ. ಇನ್ಸ್‌ಪೆಕ್ಟರ್ ಜೀಪಿನಲ್ಲಿ ಬಂದು ಯಾರು ಸತ್ತಿದ್ದು ಎಂದು ಗದರಿದ. ಪಾದ್ರಿಗಳು ಹೆಸರು ಹೇಳಿದರು. ಅವನು ಸತ್ತ ಅಂತ ಯಾರು ಹೇಳಿದ್ದು ಎಂದ. ಹಾಗಾದರೆ ಬದುಕಿದ್ದಾನೆ, ಎಲ್ಲಿ ಅಂತ ಹೇಳಿಬಿಡಿ, ಈಗಲೇ ಗಂಟೆ ನಿಲ್ಲಿಸ್ತೀವಿ ಎಂದರು ಇವರು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ಇನ್ಸ್‌ಪೆಕ್ಟರ್ ಟೋಪಿ ಸರಿಮಾಡಿಕೊಂಡು ಹೋದ. ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತಿದ್ವಿ, ಸಿಕ್ಕರಲ್ಲ ಎಂದು ಕ್ಷೌರದಂಗಡಿಯವನು ಎಲ್ಲರೆದುರು ನಕ್ಕ.

ಗಂಟೆಯಣ್ಣನಿಗೆ ಮಾತ್ರ ನಗು ಬರಲಿಲ್ಲ. ಐದನೇ ದಿನದವನ ತಾಯಿ ಬಂದು, ನನ್ನ ಮಗನನ್ನು ಊರಿಗೆ ನೆನಪಿಸಿದೆಯಪ್ಪ ಎಂದು ಅವನ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಒಂಬತ್ತನೇ ದಿನದವನ ಹೆಂಡತಿ ಬೀದಿಯಲ್ಲಿ ಎದುರಾದವಳು, ಮುಂಡೆ ಮಾಡಿದೆಯಲ್ಲೋ ಎಂದು ಮುಖ ತಿರುಗಿಸಿದಳು. ಇಬ್ಬರದೂ ಸರಿ ಎನ್ನಿಸುತ್ತಿತ್ತು. ಇಬ್ಬರದೂ ಸರಿಯಾಗಿದ್ದರೆ ತಾನು ಮಾಡುತ್ತಿರುವುದು ಏನು?

ಹದಿನೆಂಟನೇ ಹೆಸರು ಅವನ ಸೋದರಳಿಯನದು.

ಉದ್ದಣ್ಣ ಎಂದೇ ಎಲ್ಲರೂ ಕರೆಯುತ್ತಿದ್ದ ಆ ಹುಡುಗ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದ. ಬಾಗಿಲ ಮೇಲಿನ ಮೀಟರಿಗೆ ಏಣಿ ಬೇಕಿರಲಿಲ್ಲ ಅವನಿಗೆ. ಎರಡು ವರ್ಷದ ಹಿಂದೆ ಅವನ ಪುಸ್ತಕಕ್ಕೆ ಹೊಸದೊಂದು ಕಾಲಂ ಸೇರಿಸಿದರು: ಮನೆಯಲ್ಲಿ ಹೊರಗಿನವರು ಯಾರಿದ್ದರು, ಏನು ಮಾತಾಡುತ್ತಿದ್ದರು. ಅವನು ಆ ಕಾಲಮನ್ನು ಮುನ್ನೂರು ಮನೆಗೂ ಖಾಲಿ ಬಿಟ್ಟ. ಅಷ್ಟೇ ಅವನ ಅಪರಾಧ. ಜನರ ಮನೆಯ ದೀಪ ಎಷ್ಟು ಉರಿಯಿತು ಎಂದು ನೋಡಬೇಕಾದ ಸರ್ಕಾರಕ್ಕೆ ಆ ದೀಪದ ಕೆಳಗೆ ಯಾರು ಕೂತಿದ್ದರು ಎಂಬ ಚಿಂತೆ. ಇಪ್ಪತ್ತೆರಡರ ಹುಡುಗ ಬೆಳಗ್ಗೆ ಪುಸ್ತಕ ಹಿಡಿದು ಹೋದವನು ಬರಲಿಲ್ಲ. ಠಾಣೆಯ ಕಿಟಕಿಯಲ್ಲಿ ತಂಗಿಗೆ ಪ್ರತಿ ವಾರ ಒಂದೇ ಉತ್ತರ: ಅಂಥವನು ಇಲ್ಲಿಗೆ ಬಂದೇ ಇಲ್ಲ, ಅವನ ಬಗ್ಗೆ ನಮ್ಮಲ್ಲಿ ಒಂದು ಚೂರು ಕಾಗದವೂ ಇಲ್ಲ.

ಹಿಂದಿನ ದಿನವೇ ತಂಗಿ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಹೇಳಿದ್ದಳು. ಬೇರೆಯವರ ಮಕ್ಕಳಿಗೆ ಬಾರಿಸಿದ್ದು ಆಯಿತು, ತನ್ನ ಮಗನಿಗೆ ಹಗ್ಗ ಮುಟ್ಟಿದರೆ ಅಣ್ಣ ತನ್ನ ಹೊಸಿಲು ತುಳಿಯಬೇಕಿಲ್ಲ.

ಅವನು ಪಾದ್ರಿಗಳ ಬಳಿ ಓಡಿದ. ಈ ಒಂದು ಹೆಸರು ಬಿಟ್ಟುಬಿಡಿ ಎಂದ. ಪಾದ್ರಿಗಳು ಪಟ್ಟಿ ಬಿಡಿಸಿ ಆ ಹೆಸರಿನ ಮೇಲೆ ಬೆರಳಿಟ್ಟರು. ಬಿಟ್ಟರೆ, ಗಂಟೆಯವನ ಅಳಿಯ ಬದುಕಿದ್ದಾನೆ, ನಮ್ಮವರು ಮಾತ್ರ ಸತ್ತರು ಅಂತ ಉಳಿದವರು ತಿಳಿಯುತ್ತಾರೆ. ಬಾರಿಸಿದರೆ ಆ ತಾಯಿಯ ಮೇಲೆ ನಾವೇ ಕಲ್ಲು ಹಾಕಿದ ಹಾಗೆ ಎಂದರು. ನೀನೇ ನೋಡು, ನನಗೂ ದಾರಿ ಕಾಣ್ತಿಲ್ಲ ಎಂದು ಪಟ್ಟಿಯನ್ನು ಮಡಚಿಟ್ಟರು. ಸಾವಿರ ಜನರ ಮುಂದೆ ನಡೆದ ಮನುಷ್ಯನಿಗೂ ದಾರಿ ಕಾಣದಿದ್ದರೆ ಹಗ್ಗ ಎಳೆಯುವವನ ಪಾಡೇನು?

ಮರುದಿನ ಮೂರೂವರೆಗೆ ಅವನು ಗೋಪುರ ಹತ್ತಿ, ಹಗ್ಗಕ್ಕೆ ಬೆನ್ನು ಮಾಡಿ ಕುಳಿತ. ಕೆಳಗೆ, ಇವತ್ತು ಯಾರ ಸರದಿಯೆಂದು ಬಲ್ಲ ಜನ ಆಗಲೇ ಸೇರುತ್ತಿದ್ದರು. ನಾಲ್ಕಕ್ಕೆ ಐದು ನಿಮಿಷವಿದ್ದಾಗ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ತಂಗಿ. ಕೊರಳಲ್ಲಿ ಅಳತೆಯ ಪಟ್ಟಿ ಹಾಗೇ ನೇತಾಡುತ್ತಿತ್ತು.

"ಎಷ್ಟು ಹೊಡೀತೀಯ?"

ಇಪ್ಪತ್ತೆರಡು ಅಂತ ಪಟ್ಟಿಯಲ್ಲಿದೆ, ನಾನು ಹೊಡೆಯಲ್ಲ ಬಿಡು ಎಂದ.

"ಇಪ್ಪತ್ತನಾಲ್ಕು ಹೊಡಿ ಅಣ್ಣಾ. ಎರಡು ವರ್ಷ ಆಗಿಲ್ವಾ? ನನ್ನ ಮಗ ಎಲ್ಲಿದ್ದರೂ ಬೆಳೆದಿರ್ತಾನೆ."

ಅವನಿಗೆ ಅರ್ಥವಾಯಿತೋ ಇಲ್ಲವೋ, ಎದ್ದು ಹಗ್ಗ ಹಿಡಿದ. ಇಪ್ಪತ್ತೆರಡನೆಯ ಪೆಟ್ಟಿಗೆ ಕೆಳಗಿನವರು, ಮುಗಿಯಿತೆಂದು, ಟೋಪಿ ಹಾಕಿಕೊಂಡು ತಿರುಗಿದರು. ಇಪ್ಪತ್ಮೂರು ಬಿತ್ತು. ಎಲ್ಲರೂ ಹೆಜ್ಜೆ ಎತ್ತಿದಲ್ಲೇ ನಿಂತು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗಂಟೆಯಣ್ಣ ಎಣಿಕೆ ತಪ್ಪುವವನಲ್ಲ. ಇಪ್ಪತ್ತನಾಲ್ಕು ಬಿತ್ತು. ಟೋಪಿಗಳು ಮತ್ತೆ ಕೈಗೆ ಬಂದವು.

ತಂಗಿ ಇಳಿದು ಹೋಗುವಾಗ ಮೆಟ್ಟಿಲಲ್ಲಿ ಇನ್ಸ್‌ಪೆಕ್ಟರ್ ಅವಳನ್ನು ಗೋಡೆಗೆ ಸರಿಸಿ ಮೇಲೆ ಬಂದ. ಬಾಯಿಗೆ ಬಂದದ್ದು ಬೈದ. ಎರಡು ಪೆಟ್ಟು ಹೆಚ್ಚು ಯಾರಿಗೆ, ಯಾವ ಗುಪ್ತ ಸಂದೇಶ ಇದು ಎಂದ. ಈಗ ಅವನ ವಯಸ್ಸು ಅಷ್ಟೇ ಸಾರ್ ಎಂದ ಗಂಟೆಯಣ್ಣ.

"ಯಾರ ಕಿವಿ ಮೇಲೆ ಹೂ ಇಡ್ತೀಯೋ? ಅವನಿಗೆ ಇಪ್ಪತ್ತೆರಡೇ. ನಮ್ಮ ಫೈಲಲ್ಲಿ ಹಾಗೇ ಇದೆ."

ಅಂದವನು ತಟಕ್ಕನೆ ಬಾಯಿ ಮುಚ್ಚಿದ. ನಾನೇನೂ ಹೇಳಿಲ್ಲ, ನೀನೇನೂ ಕೇಳಿಲ್ಲ ಎಂದು ಬೆರಳು ತೋರಿಸಿ ಇಳಿದು ಹೋದ.

ಕೆಳಗೆ ಕಾಯುತ್ತಿದ್ದ ತಂಗಿಗೆ ಗಂಟೆಯಣ್ಣ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬಚ್ಚಿಡಬೇಕಿತ್ತೋ ಏನೋ, ಯೋಚಿಸಲು ಪುರಸೊತ್ತಾಗಲಿಲ್ಲ. ಅವಳ ಮುಖ ಅರಳಿತು. ಫೈಲು ಇದೆ! ಎರಡು ವರ್ಷ ಇಲ್ಲ ಇಲ್ಲ ಅಂದರಲ್ಲ, ಇದೆ! ಆಮೇಲೆ, ಇಪ್ಪತ್ತೆರಡೇ ಅಂದದ್ದು ನೆನಪಾಗಿ, ಆ ಮುಖ ನಿಧಾನವಾಗಿ ಬೇರೆಯಾಯಿತು.

"ಫೈಲಲ್ಲಿ ವಯಸ್ಸು ಒಂದು ಸಲ ಬರೆದ ಮೇಲೆ ಯಾರೂ ತಿದ್ದಲ್ಲ ಅಲ್ವಾ ಅಣ್ಣಾ? ಹಿಡಿದಾಗ ಎಷ್ಟಿತ್ತೋ ಅಷ್ಟೇ ಇರುತ್ತೆ ಅಲ್ವಾ?"

ಗಂಟೆಯಣ್ಣ ಹುಟ್ಟಿದಂದಿನಿಂದ ಕಂಡ ಸರ್ಕಾರಿ ಫೈಲು ಒಂದೂ ಇಲ್ಲ. ಅವನಿಗೆ ಗೊತ್ತಿದ್ದ ಬರಹವೆಂದರೆ ಚರ್ಚಿನ ಮರಣದ ಪುಸ್ತಕ ಒಂದೇ, ಅದರಲ್ಲಿ ಯಾರ ವಯಸ್ಸೂ ಮುಂದೆ ಹೋಗುತ್ತಿರಲಿಲ್ಲ.

ತಿದ್ದಲ್ಲ ಎಂದ.

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಠಾಣೆಯ ಕಡೆ ಹೊರಟಳು. ಫೈಲು ತೋರಿಸಿ ಅಂತ ಕಿಟಕಿಯಲ್ಲಿ ಕೇಳಬೇಕಂತೆ, ಇವತ್ತೇ, ಕಿಟಕಿ ಮುಚ್ಚುವ ಮೊದಲೇ. ಗಂಟೆಯಣ್ಣ ಹಿಂದೆಯೇ ಹೆಜ್ಜೆ ಹಾಕಿದ. ಬೇಗ ನಡಿ ಎನ್ನಬೇಕೋ, ನಿಲ್ಲು ಎನ್ನಬೇಕೋ ತಿಳಿಯದೆ ಎರಡು ಸಲ ಬಾಯಿ ತೆರೆದ. ಅಷ್ಟರಲ್ಲಿ ಅವಳು ತಿರುವಿನಲ್ಲಿ ಮರೆಯಾಗಿದ್ದಳು, ಅವನು ಓಡತೊಡಗಿದ.