ಐದು ಕಡ್ಡಿ ನಂಬಿದ ಸ್ಟೆಪ್ನಿ

ಪೇಟೆಯವರೆಲ್ಲ ಅವನನ್ನು ಕರೆಯುವುದು ಸ್ಟೆಪ್ನಿ ಎಂದೇ. ಗಾಡಿಗೊಂದು ಹೆಚ್ಚುವರಿ ಚಕ್ರ ಇರುವಂತೆ ಅಂಗಡಿ, ಆಫೀಸುಗಳಿಗೆ ಅವನು ಹೆಚ್ಚುವರಿ ಇಂಟರ್ನೆಟ್ ಕೊಡುತ್ತಿದ್ದ. ನೆಲದಡಿಯ ಕೇಬಲ್ ಕೈಕೊಟ್ಟರೆ, ಗೋಡೆಗೆ ಅವನು ಹೊಡೆದ ಪುಟ್ಟ ಪೆಟ್ಟಿಗೆ ಮೊಬೈಲ್ ಸಿಮ್ಮಿನ ಮೂಲಕ ಕೆಲಸ ಮುಂದುವರಿಸಬೇಕು. ಅವನ ವ್ಯಾಪಾರದ ಗುಟ್ಟು ಸರಳ: ಮೊದಲು ಗಿರಾಕಿಯನ್ನು ಚೆನ್ನಾಗಿ ಹೆದರಿಸುವುದು, ಆಮೇಲೆ ಧೈರ್ಯ ಮಾರುವುದು. "ಅಣ್ಣಾ, ಲೈನ್ ಹೋದ್ರೆ ನಿಮ್ಮ ಗತಿ ಏನು?" ಎಂದು ಅವನು ಕೇಳುವ ಧಾಟಿಗೆ ಗಟ್ಟಿಪಿಂಡ ಸಿಮೆಂಟು ವ್ಯಾಪಾರಿಯೂ ಕುರ್ಚಿಯ ತುದಿಗೆ ಸರಿದಿದ್ದ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಆ ಹೆದರಿಕೆ ಅವನ ಕೊರಳಿಗೇ ಬಂತು. ಫೋನ್ ಮಾಡಿದವರು ಸ್ಕ್ಯಾನಿಂಗ್ ಸೆಂಟರಿನ ಮೇಡಂ.

"ರೀ ಸ್ಟೆಪ್ನಿ, ನೆಟ್ ಹೋಗಿದೆ!"

"ಪೆಟ್ಟಿಗೆ ಎತ್ಕೊಳ್ಳುತ್ತೆ ಮೇಡಂ. ಹತ್ತು ಎಣಿಸಿ."

"ಇನ್ನೂರು ಎಣಿಸಿದ್ದೀನಿ! ಗಾರೆಯವರೊಬ್ರು ಮೇಲಿಂದ ಬಿದ್ದಿದ್ದಾರೆ, ತಲೆಗೆ ಪೆಟ್ಟು. ಸ್ಕ್ಯಾನ್ ನೋಡಿ ಹೇಳೋ ಡಾಕ್ಟರು ಇರೋದು ಬೇರೆ ಊರಲ್ಲಿ. ನನ್ನ ಫೋನಿಂದ ನೆಟ್ ಕೊಟ್ರೆ ಕಂಪ್ಯೂಟರ್ ತಗೊಳ್ತಾನೇ ಇಲ್ಲ."

ತೆಗೆದುಕೊಳ್ಳುವುದಿಲ್ಲ. ಹಾಗೆ ಬೀಗ ಹಾಕಿದವನೇ ಅವನು. ರೋಗಿಗಳ ಗುಟ್ಟು ಸೋರಬಾರದೆಂದು, ಕೇಬಲ್ ಮತ್ತು ತನ್ನ ಪೆಟ್ಟಿಗೆ, ಈ ಎರಡು ದಾರಿ ಬಿಟ್ಟು ಮೂರನೆಯದಕ್ಕೆ ಆ ಕಂಪ್ಯೂಟರ್ ಬಾಗಿಲು ತೆರೆಯದಂತೆ ಮಾಡಿದ್ದ. ಅದನ್ನೇ ಎದೆಯುಬ್ಬಿಸಿ ಊರೆಲ್ಲ ಹೇಳಿಕೊಂಡೂ ಇದ್ದ.

ಸ್ಕೂಟರ್ ಓಡಿಸಿದ. ಸೆಂಟರಿನ ರಸ್ತೆಯ ತಿರುವಿನಲ್ಲಿ ಅಗೆಯುವ ಯಂತ್ರ ನಿಂತಿತ್ತು. ಗುಂಡಿಯಲ್ಲಿ ಎರಡು ಕೇಬಲ್ ತುಂಡಾಗಿ ಬಾಯ್ಬಿಟ್ಟುಕೊಂಡಿದ್ದವು.

"ಎರಡಾ?" ಎಂದ ಸ್ಟೆಪ್ನಿ.

"ಒಂದು ಅಂಗಡಿಗಳದ್ದು, ಇನ್ನೊಂದು ಆ ಟವರಿಗೆ ಹೋಗೋದಂತೆ ಸಾರ್," ಎಂದ ಯಂತ್ರದವನು. "ಒಂದೇ ಕಂಪನಿದು, ಒಂದೇ ಗುಂಡಿಲಿ ಮಲಗಿಸಿದ್ದಾರೆ. ನನಗೇನು ಕನಸು ಬೀಳುತ್ತಾ?"

ಸ್ಟೆಪ್ನಿ ತಲೆಯೆತ್ತಿ ಆ ಟವರನ್ನು ನೋಡಿದ. ಎರಡು ತಿಂಗಳ ಹಿಂದೆ ಪೆಟ್ಟಿಗೆಯ ಸಿಮ್ ಬದಲಿಸಿದ್ದು ಅವನೇ. ಹಳೆಯ ಸಿಮ್ಮು ಬೇರೆ ಕಂಪನಿಯದು, ಸಿಗ್ನಲ್ ಮೂರೇ ಕಡ್ಡಿ. ಕೇಬಲ್ ಕಂಪನಿಯದೇ ಸಿಮ್ ಹಾಕಿದರೆ ಐದು. ಗಿರಾಕಿಗೆ ತೋರಿಸಲು ಐದು ಕಡ್ಡಿಯೇ ಚಂದ. ಆದರೆ ಕಡ್ಡಿ ಹೇಳುವುದು ಪೆಟ್ಟಿಗೆಗೂ ಟವರಿಗೂ ಇರುವ ಸಲುಗೆಯನ್ನು ಮಾತ್ರ. ಟವರಿಗೂ ಹೊರಲೋಕಕ್ಕೂ ಮಾತುಕತೆ ಇದೆಯೋ ಇಲ್ಲವೋ ಅದಕ್ಕೇನು ಗೊತ್ತು? ಇದು ಅವನಿಗೆ ತಿಳಿಯದ ವಿಷಯವಲ್ಲ. ಎರಡು ದಾರಿ ಎಂದು ಮಾರಿ, ಎರಡನ್ನೂ ಒಂದೇ ಸೇತುವೆಯ ಮೇಲೆ ಹಾಯಿಸಿದ್ದ.

ಸೆಂಟರಿನಲ್ಲಿ ಪೆಟ್ಟಿಗೆ ಐದೂ ಕಡ್ಡಿ ಹಸಿರಾಗಿ ಉರಿಸಿಕೊಂಡು ಕೂತಿತ್ತು. ಬೆಂಚಿನ ಮೇಲೆ ಗಾರೆಯವನ ಹೆಂಡತಿ, ಗಂಡನ ಚಪ್ಪಲಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

"ಅಣ್ಣಾ, ಫೋಟೋ ಹೋಯ್ತಾ?"

"ಈಗ ಹೋಗುತ್ತಮ್ಮ," ಎಂದ.

ಅವನ ಸ್ವಂತ ಫೋನಿನ ಸಿಮ್ ಬೇರೆ ಕಂಪನಿಯದು. ಅದನ್ನು ಹೊರಗೆಳೆಯುವಾಗ ಬೆರಳು ನಡುಗಿ, ಸಿಮ್ ಮೇಜಿನಡಿಗೆ ಹಾರಿತು. ಮೊಣಕಾಲೂರಿ ನೆಲ ತಡಕಿದ.

"ನಮ್ಮನ್ನ ಹೆದರಿಸೋವಾಗ ಈ ಕೈ ನಡುಗ್ತಿರಲಿಲ್ಲವಲ್ಲ!" ಎಂದರು ಮೇಡಂ, ತಮ್ಮ ಫೋನಿನ ಟಾರ್ಚ್ ಹಿಡಿಯುತ್ತ.

ಸಿಕ್ಕಿತು. ಪೆಟ್ಟಿಗೆಗೆ ಹಾಕಿದ. ಮೂರು ಕಡ್ಡಿ. ಪರದೆಯ ಮೇಲೆ ಚಿತ್ರಗಳು ಆಮೆಯಂತೆ ಹೊರಟವು. ನೂರಕ್ಕೆ ಹನ್ನೆರಡು, ನಲವತ್ತು, ಅರವತ್ತೊಂದು. ಅರವತ್ತೊಂದರಲ್ಲೇ ನಿಂತಿತು. ಅವನು ಕಣ್ಣು ಮುಚ್ಚಿಕೊಂಡ. ತೆರೆದಾಗ ತೊಂಬತ್ತು.

ನಾಲ್ಕು ನಿಮಿಷಕ್ಕೆ ಮೇಡಂ ಫೋನಿಗೆ ಡಾಕ್ಟರ ಕರೆ ಬಂತು: ತಲೆಯೊಳಗೆ ರಕ್ತ ಕಟ್ಟಿದೆ, ಈಗಲೇ ಆಪರೇಷನ್ನಿಗೆ ಕಳಿಸಿ, ಇನ್ನೂ ಹೊತ್ತು ಮೀರಿಲ್ಲ. ಸ್ಟ್ರೆಚರ್ ಹೊರಟಿತು. ಹಿಂದೆಯೇ ಆ ಹೆಂಗಸು ಓಡಿದಳು.

ಸ್ಟೆಪ್ನಿ ಗೋಡೆಗೊರಗಿದ. ಮೇಡಂ ಅವನನ್ನೇ ನೋಡುತ್ತಿದ್ದರು.

"ಇನ್ನೆಷ್ಟು ಕಡೆ ಹಾಕಿದ್ದೀರಿ ಈ ಐದು ಕಡ್ಡಿ?"

"ಹನ್ನೊಂದು," ಎಂದ.

ಕರೆ ಮಾಡಲೆಂದು ಫೋನ್ ತೆಗೆದ. ಅದರಲ್ಲೀಗ ಸಿಮ್ಮಿಲ್ಲ. ಹನ್ನೊಂದರಲ್ಲಿ ಯಾರು ತನ್ನನ್ನು ಕೂಗಿ ಕೂಗಿ ಸೋಲುತ್ತಿದ್ದಾರೋ ಎಂದು ಯೋಚಿಸುತ್ತಲೇ ಸ್ಕೂಟರ್ ಹತ್ತಿದ. ಅವುಗಳಲ್ಲಿ ಹತ್ತಿರವಿದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಎಲ್ಲಕ್ಕಿಂತ ದೂರ ಆಂಬುಲೆನ್ಸಿನವರ ಆಫೀಸು.

ಗಾಡಿಯನ್ನು ದೂರದ ಕಡೆಗೇ ತಿರುಗಿಸಿದ.