ತಂಗಿಯ ಮಗಳಿಗಾಗಿ ಕೇಳಿದ ಕೋರಿಕೆ

ತಂಗಿ ನನ್ನನ್ನು ನಂಬಿ ಹೇಳಿದ ಮಾತನ್ನು ಒಂದು ವಾರ ಕೂಡ ನನ್ನಲ್ಲಿ ಇಟ್ಟುಕೊಳ್ಳಲು ನನಗೆ ಆಗಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಬೊಮ್ಮಸಂದ್ರದ ಮಾತ್ರೆ ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸ. ಇದನ್ನು ಬರೆಯುವ ಮೊದಲು ತಂಗಿಯನ್ನು, ಅವಳ ಮಗಳನ್ನು, ನನ್ನ ಮಗನನ್ನು ಕೇಳಿದ್ದೇನೆ. ಹಾಗೆ ಕೇಳಬೇಕೆಂದು ಕಲಿತದ್ದೇ ಈಚೆಗೆ.

ತಂಗಿಗೂ ಅದೇ ಕಂಪನಿ. ಒಂದು ಸೋಮವಾರ ಬೆಳಿಗ್ಗೆ ಕಂಪನಿ ಬಸ್ಸಿಗೆ ಕಾಯುವಾಗ ಅವಳು ಮೆಲ್ಲಗೆ ಹೇಳಿದಳು: "ಅಕ್ಕ, ಮಗಳು ಇನ್ಮೇಲೆ ಪೂಜೆಗೆ ಚರ್ಚೊಳಗೆ ಬರಲ್ವಂತೆ. ನಂಬಿಕೆ ಇಲ್ದೆ ಪೂಜೇಲಿ ಫಾದರ್ ಕೊಡೋ ಪರಮಪ್ರಸಾದ ತಗೊಳೋದು ಸುಳ್ಳು ಅಂತಾಳೆ."

"ಎರಡು ಬಿಗಿದ್ರೆ ಸರಿಹೋಗ್ತಾಳೆ."

"ಇಪ್ಪತ್ತೆರಡು ವರ್ಷದವಳಿಗಾ? ನಿನ್ ಕೈಗೇ ನೋವು." ತಂಗಿ ನಕ್ಕಳು. ಆಮೇಲೆ, "ಬಲವಂತ ಬೇಡ, ಯಾವತ್ತೋ ಒಂದಿನ ಬಂದಾಳು. ಇದು ನಿನ್ನಲ್ಲೇ ಇರ್ಲಿ, ಅಕ್ಕ" ಅಂದಳು.

ನಮ್ಮ ಅಪ್ಪ ರಾತ್ರಿ ಮಣಿ ಎಣಿಸಿ ಹೇಳುವ ಜಪಸರ ಮುಗಿಯದೆ ಯಾರ ತಟ್ಟೆಗೂ ಮುದ್ದೆ ಹಾಕಗೊಡುತ್ತಿರಲಿಲ್ಲ. ನನ್ನ ಮಗನನ್ನೂ ನಾನು ಹಾಗೇ ಬೆಳೆಸಿದೆ. ತಂಗಿ ಮಾತ್ರ ಮಗಳ ಪ್ರಶ್ನೆಗಳನ್ನೆಲ್ಲ ಕೂತು ಕೇಳುತ್ತಿದ್ದಳು. ಅದು ಸಡಿಲ ಎಂದೇ ನನಗೆ ಅನ್ನಿಸುತ್ತಿತ್ತು.

ನಮ್ಮ ಬೀದಿಯ ಕ್ರೈಸ್ತರು ಶುಕ್ರವಾರ ಸಂಜೆ ಒಂದೊಂದು ಮನೆಯಲ್ಲಿ ಸೇರಿ ಜಪಸರ ಹೇಳುತ್ತೇವೆ. ಕೊನೆಗೆ ಒಬ್ಬೊಬ್ಬರೂ ತಮ್ಮ ಕೋರಿಕೆಯನ್ನು ಗಟ್ಟಿಯಾಗಿ ಹೇಳಬೇಕು, ಉಳಿದವರು ಅದಕ್ಕಾಗಿ ಬೇಡಬೇಕು. ಆ ಶುಕ್ರವಾರ ಕಂಪನಿಯಲ್ಲಿ ಓಟಿ ಇದ್ದುದರಿಂದ ತಂಗಿ ಬಂದಿರಲಿಲ್ಲ. ಒಬ್ಬಾಕೆ ಮಂಡಿನೋವಿಗೆ ಕೇಳಿದಳು, ಇನ್ನೊಬ್ಬಾಕೆ ಮಗನ ಪರೀಕ್ಷೆಗೆ. ನನ್ನ ಸರದಿ ಬಂತು. "ದಾರಿ ತಪ್ಪಿ ದೇವರನ್ನೇ ಬಿಟ್ಟಿರುವ ನನ್ನ ತಂಗಿಯ ಮಗಳಿಗಾಗಿ" ಎಂದೆ. ಕಣ್ಣಲ್ಲಿ ನೀರೂ ಬಂತು. ಎಲ್ಲರೂ ಕಣ್ಣು ಮುಚ್ಚಿದ್ದರು, ಆದರೆ ಒಂದೊಂದು ಕಿವಿಯೂ ನೆಟ್ಟಗಾದದ್ದು ನನಗೆ ಗೊತ್ತಾಯಿತು. ನಾಚಿಕೆಗೇಡಿನ ಮಾತು, ಆಗ ನನಗೆ ಒಳಗೊಳಗೇ ಹಿತವೆನಿಸಿತು.

ವೈಟ್‌ಫೀಲ್ಡಿನಲ್ಲಿ ರೂಮು ಮಾಡಿಕೊಂಡಿರುವ ನನ್ನ ಮಗ ಒಂದು ವರ್ಷದಿಂದ ಚರ್ಚಿನ ಕಡೆ ತಲೆ ಹಾಕಿರಲಿಲ್ಲ. ಅವನೇ ನನಗೊಬ್ಬಳಿಗೆ ಅದನ್ನು ಹೇಳಿದ್ದ. ಅವನಿಗಾಗಿ ನಾನು ಒಂದು ದಿನವೂ ಕೋರಿಕೆ ಹೇಳಿರಲಿಲ್ಲ. ಯಾರಾದರೂ ಕೇಳಿದರೆ, "ಅಲ್ಲೇ ಹತ್ರದ ಚರ್ಚಿಗೆ ಹೋಗ್ತಾನೆ" ಅನ್ನುತ್ತಿದ್ದೆ.

ಆ ಭಾನುವಾರ ತಂಗಿಯ ಮಗಳು ಅಮ್ಮನನ್ನು ಸ್ಕೂಟರಿನಲ್ಲಿ ಕರೆತಂದು, ತಾನು ಒಳಗೆ ಬರದೆ, ಪೂಜೆ ಮುಗಿಯುವವರೆಗೆ ಚರ್ಚಿನ ಹೊಂಗೆಮರದ ಕೆಳಗೆ ಕಾದಳು. ಹಾಡುಗಳು ಅಲ್ಲಿಗೂ ಕೇಳುತ್ತವೆ. ಪೂಜೆ ಮುಗಿದದ್ದೇ ಹೆಂಗಸರು ಅವಳನ್ನು ಮುತ್ತಿಕೊಂಡರು. "ನಿಂಗೋಸ್ಕರ ಒಂಬತ್ತು ದಿನ ಒಪ್ಪತ್ತು ಇರ್ತೀನಿ ಕಣಮ್ಮ" ಅಂದಳು ಒಬ್ಬಾಕೆ. "ಯಾರನ್ನಾದ್ರೂ ಲವ್ ಗಿವ್ವು ಮಾಡ್ತಿದ್ದೀಯೇನೇ?" ಅಂತ ಇನ್ನೊಬ್ಬಾಕೆ. ಹುಡುಗಿ ನೇರ ನನ್ನ ಹತ್ತಿರ ಬಂದಳು.

"ದೊಡ್ಡಮ್ಮ, ನೀವು ದೇವ್ರಿಗೆ ಹೇಳಿದ್ರಾ, ಅವ್ರಿಗೆ ಹೇಳಿದ್ರಾ?"

"ನಿನ್ ಒಳ್ಳೇದಕ್ಕೇ ಕಣೇ" ಎಂದೆ. ತಂಗಿ ಮಗಳನ್ನು ಕರೆದುಕೊಂಡು ಹೊರಟುಹೋದಳು. ಮುಂದಿನ ವಾರ ತಂಗಿ ಒಬ್ಬಳೇ ಆಟೋದಲ್ಲಿ ಬಂದಳು. ಮರದ ಕೆಳಗೆ ಯಾರೂ ಇರಲಿಲ್ಲ. ಕಂಪನಿ ಬಸ್ಸಿನಲ್ಲೂ ತಂಗಿ ನನ್ನ ಪಕ್ಕದ ಸೀಟು ಬಿಟ್ಟು ಹಿಂದೆ ಹೋಗಿ ಕೂರತೊಡಗಿದಳು. ಚರ್ಚಿನ ಬಾಗಿಲಿನ ಹತ್ತಿರವಾದರೂ ನಿಂತಿದ್ದ ಹುಡುಗಿಯನ್ನು ಗೇಟಿನ ಆಚೆಗೆ ತಳ್ಳಿದವಳು ನಾನು.

ನಾಲ್ಕು ತಿಂಗಳ ಮೇಲೆ ಜಪಸರ ನಮ್ಮ ಮನೆಗೆ ಬಂತು. ಅಕ್ಕನ ಮನೆ ತಪ್ಪಿಸಬಾರದೆಂದೋ ಏನೋ, ತಂಗಿ ಬಂದಳು. ಓಣಿಯಲ್ಲಿ ಸ್ಕೂಟರ್ ನಿಂತ ಸದ್ದು ಕೇಳಿತು; ಮಗಳು ಹೊರಗೇ ಉಳಿದಳು. ಕೋರಿಕೆಯ ಸರದಿ ನನ್ನ ಬಳಿ ಬಂದಾಗ, ಮಗನ ವಿಷಯ ಎಲ್ಲರ ಮುಂದೆ ಹೇಳಿಬಿಡೋಣ, ಲೆಕ್ಕ ಸಮ ಆಗಲಿ ಎಂದುಕೊಂಡೆ. ಅವನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅನ್ನಿಸಿತು: ಇದೂ ಅದೇ ಅಲ್ಲವೇ? ಅವನು ಅಮ್ಮನನ್ನು ನಂಬಿ ಹೇಳಿದ್ದು. ಬೀದಿಗೆಲ್ಲ ಸಾರಲಿ ಎಂದಲ್ಲ.

"ಪ್ರಾರ್ಥನೆ ಹೆಸ್ರಲ್ಲಿ ಇಲ್ಲಿ ನಾನು ಚಾಡಿ ಹೇಳಿದ್ದೆ. ನನಗೋಸ್ಕರ ಬೇಡ್ಕೊಳ್ಳಿ" ಎಂದಷ್ಟೇ ಹೇಳಿದೆ. ತಂಗಿ ತಲೆ ಎತ್ತಿ ನೋಡಿದಳು. ಯಾರೋ ಕೆಮ್ಮಿದರು. ಮೇಣದಬತ್ತಿ ಆರಿಸುವ ಮೊದಲೇ ನಾನು ಎದ್ದು ಓಣಿಗೆ ಹೋದೆ.

ಅವಳು ಸ್ಕೂಟರಿನ ಮೇಲೆ ಮೊಬೈಲು ನೋಡುತ್ತ ಕೂತಿದ್ದಳು. ನನ್ನನ್ನು ಕಂಡು ಹೆಲ್ಮೆಟ್ಟಿಗೆ ಕೈ ಹಾಕಿದಳು.

"ಒಂದ್ನಿಮಿಷ ನಿಲ್ಲು, ಮಗಳೇ. ಅವತ್ತು ಕೇಳಿದ್ಯಲ್ಲ, ಅದಕ್ಕೆ ನಾನು ಉತ್ತರ ಕೊಡ್ಲಿಲ್ಲ. ದೇವ್ರಿಗಲ್ಲ, ಅವ್ರಿಗೇ ಹೇಳಿದ್ದು ನಾನು. ತಪ್ಪಾಯ್ತು ಕಣಮ್ಮ. ನನ್ನ ಕ್ಷಮಿಸು."