ಏಳು ಮತ್ತು ಎಂಟರ ನಡುವಿನ ನಲವತ್ತೊಂದು ಮನೆ

ನಗರಸಭೆಯ ಕಟ್ಟಡದಲ್ಲಿ ನಕ್ಷೆ ವಿಭಾಗ ಇದ್ದದ್ದು ಮೂರನೇ ಮಹಡಿಯಲ್ಲಿ. ಲಿಫ್ಟು ಎರಡನೇ ಮಹಡಿಗೇ ಸುಸ್ತಾಗಿ ನಿಂತುಬಿಡುತ್ತಿತ್ತು. ಉಳಿದ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬರುವಂಥ ಜರೂರು ಸಾಮಾನ್ಯವಾಗಿ ಯಾರಿಗೂ ಇರುತ್ತಿರಲಿಲ್ಲವಾದ್ದರಿಂದ ಅಲ್ಲಿನವರ ಪಾಡಿಗೆ ಅಲ್ಲಿನವರು ಇದ್ದರು. ಗೋಡೆಯುದ್ದಕ್ಕೂ ಅಗಲವಾದ ತಗಡಿನ ಡ್ರಾಯರುಗಳು, ಒಳಗೆ ದೀಪ ಉರಿಯುವ ಗಾಜಿನ ಮೇಜು, ಎರಡು ಕಂಪ್ಯೂಟರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮೂವತ್ತೆರಡು ವರ್ಷದಿಂದ ಕೂತಿದ್ದವಳನ್ನು ಕಚೇರಿಗೆ ಕಚೇರಿಯೇ ಗೆರೆ ಅಕ್ಕ ಅನ್ನುತ್ತಿತ್ತು. ಸಂಬಳದ ಪಟ್ಟಿಯಲ್ಲಿದ್ದ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೇ ಒಂದು ಗಳಿಗೆ ಅತ್ತಿತ್ತ ನೋಡುತ್ತಿದ್ದಳು.

ಶಾಯಿಯ ಪೆನ್ನಿನ ಕಾಲದಲ್ಲಿ ಅವಳ ಕೈ ಹೆಸರುವಾಸಿಯಾಗಿತ್ತು. ಎರಡು ಅಡಿ ಉದ್ದದ ಗೆರೆಯನ್ನು ಒಂದೇ ಉಸಿರಿಗೆ ಎಳೆದು ಮುಗಿಸುತ್ತಿದ್ದಳು. ಎಲ್ಲೂ ದಪ್ಪವಿಲ್ಲ, ಎಲ್ಲೂ ಸಣ್ಣಗಿಲ್ಲ. ಕಂಪ್ಯೂಟರು ಬಂದಾಗ ಜೊತೆಯವರು ಗೊಣಗುತ್ತ ಕೂತರು, ಇವಳು ನಲವತ್ತು ದಾಟಿದ ಮೇಲೆ ಅದನ್ನೂ ಕಲಿತಳು. ಗಂಡ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಹತ್ತು ವರ್ಷದಿಂದ ಅವನು ಎಂಟನೇ ವಾರ್ಡ್ ಸಮಿತಿಯ ಕಾರ್ಯದರ್ಶಿಯೂ ಆಗಿದ್ದ. ಆ ಹುದ್ದೆಗೆ ಒಂದು ರಬ್ಬರ್ ಮೊಹರು ಬಿಟ್ಟರೆ ಇನ್ನೇನೂ ಇರಲಿಲ್ಲ. ಆ ಮೊಹರನ್ನು ಅವನು ಗುಂಡಿಯ ಡಬ್ಬಿಗಳ ಸಾಲಿನಲ್ಲಿ, ಗಿರಾಕಿಗಳ ಕಣ್ಣಿಗೆ ಬೀಳುವ ಹಾಗೆ ಇಟ್ಟಿದ್ದ.

ಗೆರೆ ಅಕ್ಕನ ನಿವೃತ್ತಿಗೆ ಎಂಟು ತಿಂಗಳಿರುವಾಗ ವಾರ್ಡುಗಳ ಗಡಿ ಮರುವಿಂಗಡಣೆಯ ಆದೇಶ ಬಂತು. ಹಿಂದಿನ ಸಲ ಗಡಿ ಗುರುತಿಸಿ ಇಪ್ಪತ್ತಾರು ವರ್ಷವಾಗಿತ್ತು. ಊರು ಒಂದು ಕಡೆ ಊದಿಕೊಂಡು ಇನ್ನೊಂದು ಕಡೆ ಸೊರಗಿತ್ತು. ಒಂದು ವಾರ್ಡಿನಲ್ಲಿ ನಾಲ್ಕು ಸಾವಿರ ಜನ, ಮತ್ತೊಂದರಲ್ಲಿ ಹನ್ನೊಂದು ಸಾವಿರ. ಎರಡಕ್ಕೂ ಒಬ್ಬೊಬ್ಬರೇ ಸದಸ್ಯರು. ಇದನ್ನು ಸರಿದೂಗಿಸಲು ಮೇಲಿನಿಂದ ಒಬ್ಬ ಅಧಿಕಾರಿಯನ್ನು ಕಳಿಸಿದರು. ಆಕೆ ಗೆರೆ ಅಕ್ಕನ ಮಗಳ ವಯಸ್ಸಿನವಳು. ಚುರುಕು, ಮಾತು ಕಡಿಮೆ, ಮೆಟ್ಟಿಲು ಎರಡೆರಡಾಗಿ ಹತ್ತುವವಳು.

"ಸರಾಸರಿಗಿಂತ ಹತ್ತರಲ್ಲಿ ಒಂದು ಭಾಗ ಹೆಚ್ಚೂ ಆಗಬಾರದು, ಕಡಿಮೆನೂ ಆಗಬಾರದು, ಅದೇ ನಿಯಮ" ಅಂದಳು ಅಧಿಕಾರಿ. "ಮೊದಲು ಹಳೇ ನಕ್ಷೆಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ. ಆಮೇಲೆ ಎಲ್ಲಿ ಕತ್ತರಿಸೋದು ನೋಡೋಣ."

ಗೆರೆ ಅಕ್ಕ ಡ್ರಾಯರು ಎಳೆದು ಹಳೆಯ ಟ್ರೇಸಿಂಗ್ ಹಾಳೆಗಳನ್ನು ಒಂದೊಂದಾಗಿ ತೆಗೆದಳು. ಹಾಳೆಗೊಂದು ವಾರ್ಡು. ಅಂಚು ಹಳದಿಯಾಗಿದ್ದರೂ ಶಾಯಿ ಮಾಸಿರಲಿಲ್ಲ. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಿ, ವಾರ್ಡಿಗೊಂದು ಬಣ್ಣ ತುಂಬು ಅಂತ ಅದಕ್ಕೆ ಹೇಳಿದಳು. ಊರು ಬಣ್ಣಬಣ್ಣವಾಯಿತು. ಏಳನೇ ವಾರ್ಡಿಗೂ ಎಂಟನೇ ವಾರ್ಡಿಗೂ ನಡುವೆ ಮಾತ್ರ ಕತ್ತರಿಸಿದ ಉಗುರಿನಂಥ ಒಂದು ಬಿಳಿ ಪಟ್ಟಿ ಹಾಗೇ ಉಳಿಯಿತು.

ತಾನೇ ಏನೋ ತಪ್ಪು ಒತ್ತಿರಬೇಕೆಂದು ಅವಳು ಇನ್ನೊಂದು ಸಲ ಮಾಡಿದಳು. ಪಟ್ಟಿ ಅಲ್ಲೇ ಇತ್ತು. ಆಗ ಎದ್ದು ಹೋಗಿ ಏಳು ಮತ್ತು ಎಂಟರ ಹಾಳೆಗಳನ್ನು ಗಾಜಿನ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ದೀಪ ಹಾಕಿದಳು. ಏಳರ ಗಡಿ ಹಳೆಯ ಕಾಲುವೆಯ ದಡದಲ್ಲಿ ನಿಂತಿತ್ತು. ಎಂಟರ ಗಡಿ ಆಚೆಯ ರಸ್ತೆಯ ಅಂಚಿನಿಂದ ಶುರುವಾಗಿತ್ತು. ನಡುವಿನ ಜಾಗ ಯಾರದ್ದೂ ಅಲ್ಲ. ಹಾಳೆಯ ಮೂಲೆಯಲ್ಲಿ ಎಳೆದವರ ಗುರುತೆಂದು ಎರಡು ಅಕ್ಷರ. ಅವು ಅವಳದ್ದೇ.

ನೆನಪಾಗದೆ ಏನು? ಎಲ್ಲ ನೆನಪಾಯಿತು. ಅವತ್ತು ಸಂಜೆ ಐದಕ್ಕೆ ನಕ್ಷೆಗಳು ಮುದ್ರಣಕ್ಕೆ ಹೋಗಬೇಕಿತ್ತು. ಮನೆಯಲ್ಲಿ ಕೂಸಿಗೆ ಜ್ವರ ಬಂದು ಅತ್ತೆ ಎರಡು ಸಲ ಫೋನು ಮಾಡಿಸಿದ್ದರು. ನಾಲ್ಕೂವರೆಗೆ ಅವಳು ಇದೇ ಮೇಜಿನ ಮೇಲೆ ಎರಡೂ ಹಾಳೆ ಇಟ್ಟು ನೋಡಿದ್ದಳು, ಗೆರೆಗಳು ಕೂಡಿಲ್ಲ ಎಂದು ಅವತ್ತೇ ಕಂಡಿತ್ತು. ಸರಿಮಾಡಬೇಕೆಂದರೆ ಒಂದು ಇಡೀ ಹಾಳೆ ಹೊಸದಾಗಿ ಎಳೆಯಬೇಕು. ಆ ಜಾಗದಲ್ಲಿ ಆಗ ಇದ್ದದ್ದು ಮುಚ್ಚಿಹೋದ ಒಂದು ಇಟ್ಟಿಗೆ ಭಟ್ಟಿ, ಅದರ ಸುತ್ತ ಪೊದೆ. ಆಮೇಲೆ ನೋಡಿದರಾಯಿತು ಅಂದುಕೊಂಡು ಹಾಳೆ ಸುತ್ತಿ ಕೊಟ್ಟು ಬಸ್ಸು ಹಿಡಿದಿದ್ದಳು. ಮುಖ್ಯ ನಕ್ಷೆಗಾರರು ನೋಡದೆ ಸಹಿ ಹಾಕಿದ್ದರು, ಯಾಕೆಂದರೆ ಅವಳ ಕೆಲಸವನ್ನು ಯಾರೂ ನೋಡುತ್ತಿರಲಿಲ್ಲ, ಅಷ್ಟು ನಂಬಿಕೆ. ಅವರು ತೀರಿಕೊಂಡೇ ಒಂಬತ್ತು ವರ್ಷವಾಗಿತ್ತು.

ಮರುದಿನ ಅವಳು ಬೆಳಗ್ಗೆಯೇ ಆ ಜಾಗಕ್ಕೆ ಹೋದಳು. ಭಟ್ಟಿಯೂ ಇಲ್ಲ, ಪೊದೆಯೂ ಇಲ್ಲ. ಒಂದು ಬೀದಿ ಇತ್ತು. ಎಣಿಸಿದಳು, ನಲವತ್ತೊಂದು ಮನೆ. ಏಳನೇ ವಾರ್ಡಿನ ಡಾಂಬರು ಬೀದಿಯ ಈ ತುದಿಯಲ್ಲಿ ಚಾಕುವಿನಿಂದ ಕೊಯ್ದ ಹಾಗೆ ನಿಂತಿತ್ತು. ಎಂಟನೇ ವಾರ್ಡಿನ ಚಪ್ಪಡಿ ಮುಚ್ಚಿದ ಚರಂಡಿ ಆ ತುದಿಯಲ್ಲಿ ನಿಂತಿತ್ತು. ನಡುವೆ ಮಣ್ಣು, ಬಾಯಿ ತೆರೆದ ಚರಂಡಿ. ಬೀದಿದೀಪದ ಕಂಬ ಒಂದೂ ಇಲ್ಲ.

ಕ್ಷೌರದಂಗಡಿಯವನು ಬಾಗಿಲಲ್ಲಿ ನಿಂತು ಇವಳು ಬೆರಳು ಮಡಚಿ ಎಣಿಸುವುದನ್ನೇ ನೋಡುತ್ತಿದ್ದ.

"ಅಕ್ಕ, ನೀವು ಏಳರೋರಾ ಎಂಟರೋರಾ?" ಅಂದ.

"ನಗರಸಭೆಯಿಂದ. ನೀವು ಯಾವ ವಾರ್ಡು?"

"ಅದನ್ನ ನೀವು ಹೇಳಬೇಕು. ವೋಟು ಕೇಳೋಕೆ ಎರಡೂ ಕಡೆಯೋರು ಬರ್ತಾರೆ. ಕಸದ ಗಾಡಿ ಮಾತ್ರ ಏಳರಿಂದ ಎಂಟಕ್ಕೆ ಹೋಗುವಾಗ ಇಲ್ಲಿ ಹಾರ್ನೂ ಹೊಡೆಯಲ್ಲ. ಪೂರ್ತಿ ಕತೆ ಬೇಕಂದ್ರೆ ನರ್ಸಮ್ಮನ ಕೇಳಿ. ಹಸಿರು ಬಾಗಿಲು. ಕೂತ್ಕೊಳೋಕೆ ಪುರಸೊತ್ತು ಮಾಡ್ಕೊಂಡು ಹೋಗಿ."

ನರ್ಸಮ್ಮ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತಳಾದ ಹೆಂಗಸು. ಬಂದವಳನ್ನು ಒಳಗೆ ಕೂರಿಸಿ, ನಗರಸಭೆಯವಳೆಂದು ತಿಳಿದದ್ದೇ ಎರಡು ದಪ್ಪ ಫೈಲು ತಂದು ಮುಂದಿಟ್ಟಳು. ಹನ್ನೊಂದು ವರ್ಷದ ಅರ್ಜಿಗಳು, ಹನ್ನೊಂದು ವರ್ಷದ ಉತ್ತರಗಳು. ಏಳರ ಸಮಿತಿ ಬರೆದಿತ್ತು: ನಿಮ್ಮ ಬೀದಿ ನಮ್ಮ ವ್ಯಾಪ್ತಿಯಲ್ಲಿಲ್ಲ, ಎಂಟನ್ನು ಕೇಳಿ. ಎಂಟರ ಸಮಿತಿ ಬರೆದಿತ್ತು: ನಮ್ಮ ವ್ಯಾಪ್ತಿಯಲ್ಲಿಲ್ಲ, ಏಳನ್ನು ಕೇಳಿ. ಒಳಗಿನ ಕೋಣೆಯಿಂದ ನರ್ಸಮ್ಮನ ಗಂಡ ಕೋಲೂರಿಕೊಂಡು ಬಂದು ಬಾಗಿಲಿಗೆ ಒರಗಿ ನಿಂತ. ಎಡಗಾಲು ಪಾದದಿಂದ ಹೊರಕ್ಕೆ ತಿರುಗಿತ್ತು.

"ಮೂರು ವರ್ಷ ಆಯ್ತು" ಅಂದಳು ನರ್ಸಮ್ಮ. "ಮಳೆನೀರು ನಿಂತಿತ್ತು. ಯಾವುದು ರಸ್ತೆ ಯಾವುದು ಚರಂಡಿ ಗೊತ್ತಾಗಲಿಲ್ಲ. ನಾನು ಊರೋರ ಮೂಳೆಗೆಲ್ಲ ಪಟ್ಟಿ ಕಟ್ಟಿದೋಳು. ಇವರ ಕಾಲು ಮಾತ್ರ ಸೊಟ್ಟಗೇ ಕೂಡ್ಕೊಳ್ತು."

ಗೆರೆ ಅಕ್ಕ ತಲೆ ತಗ್ಗಿಸಿ ಎಂಟರ ಸಮಿತಿಯ ಪತ್ರಗಳನ್ನು ತಿರುವುತ್ತಿದ್ದಳು. ಕೊನೆಯ ಆರು ಪತ್ರಗಳ ಕೆಳಗೆ ಇದ್ದದ್ದು ತನ್ನ ಗಂಡನ ಸಹಿ. ಮೊಹರು ಸ್ವಲ್ಪ ವಾಲಿತ್ತು. ಅವನು ಯಾವಾಗಲೂ ಹಾಗೇ ವಾಲಿಸಿ ಒತ್ತುತ್ತಿದ್ದ.

ಹೇಳಬೇಕಾದ್ದು ನಾಲಿಗೆಯ ತುದಿಯವರೆಗೆ ಬಂತು. "ಈ ಸಲ ಸೇರಿಸ್ತೀವಮ್ಮ" ಅಂತಷ್ಟೇ ಹೇಳಿ ಎದ್ದಳು.

ಸಂಜೆ ಗಂಡ ಯಾರದೋ ಕೋಟಿನ ತೋಳು ಬಿಚ್ಚುತ್ತ ಕೂತಿದ್ದ. ಅವಳು ಎದುರಿನ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ಅವನು ಬ್ಲೇಡು ಕೆಳಗಿಟ್ಟ.

"ನಿನ್ನ ನಕ್ಷೆ ನೋಡಿ ತಾನೆ ನಾನು ಸಹಿ ಹಾಕಿದ್ದು? ಆ ನರ್ಸಮ್ಮ ಒಂದು ಸಲ ಇಲ್ಲಿಗೇ ಬಂದಿದ್ರು. ನಕ್ಷೆ ತೆಗೆದು ತೋರಿಸ್ದೆ, ನೋಡಿ ತಾಯಿ, ಗೆರೆ ಇಲ್ಲಿದೆ, ಅಂತ. ನಮ್ಮ ಮನೆಯೋಳೇ ಎಳೆದಿರೋದು, ತಪ್ಪಾಗೋ ಮಾತೇ ಇಲ್ಲ ಅಂತಾನೂ ಅಂದೆ."

"ನೀವು ನನಗೆ ಒಂದು ಮಾತು ಹೇಳಬಹುದಿತ್ತು."

"ನೀನೂ ನನಗೆ ಹೇಳಬಹುದಿತ್ತು."

ಇನ್ನೊಂದು ವಿಷಯವನ್ನೂ ಅವಳು ಆಗಲೇ ಹೇಳಿಬಿಟ್ಟಳು, ಹೇಗೂ ಬಯ್ಗುಳ ತಿನ್ನುವುದಾದರೆ ಒಂದೇ ಸಲ ತಿಂದುಬಿಡೋಣವೆಂದು. ಏಳನೇ ವಾರ್ಡು ಆಗಲೇ ತುಂಬಿ ತುಳುಕುತ್ತಿತ್ತು. ಹಾಗಾಗಿ ಆ ಬೀದಿ ಎಂಟಕ್ಕೇ ಸೇರಬೇಕು. ಸೇರಿಸಿದರೆ ಎಂಟರಲ್ಲಿ ಜನ ಮಿತಿ ಮೀರುತ್ತಾರೆ, ಅಂಚಿನ ಒಂದು ಬೀದಿಯನ್ನು ಒಂಬತ್ತಕ್ಕೆ ಬಿಡಬೇಕು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಹಾಗೆ ಬಿಡಬೇಕಾದದ್ದು ಇವರ ಮನೆ ಇದ್ದ ಬೀದಿಯನ್ನೇ.

"ಅಂದ್ರೆ ನಾನು ಸಮಿತಿಯಿಂದ ಆಚೆಗೆ" ಅಂದ ಗಂಡ.

"ಹೌದು."

ಅವನು ಕೋಟನ್ನು ಮತ್ತೆ ಮಡಿಲಿಗೆ ಎಳೆದುಕೊಂಡ. ಆಮೇಲೆ ನಾಲ್ಕು ದಿನ ಮನೆಯಲ್ಲಿ ಊಟಕ್ಕೆ ಬನ್ನಿ, ಬಾಗಿಲು ಹಾಕು ಎನ್ನುವಷ್ಟೇ ಮಾತು ನಡೆಯಿತು. ಕಿವಿ ಮಂದವಾದ ಅತ್ತೆಗೂ ಏನೋ ಅನುಮಾನ ಬಂದು, "ಇಬ್ಬರಿಗೂ ಗಂಟಲು ಕೆಟ್ಟಿದೆಯಾ?" ಅಂತ ಕೇಳಿದರು.

ಕಚೇರಿಯಲ್ಲಿ ಅವಳು ಅಧಿಕಾರಿಗೆ ಎರಡೂ ಹಾಳೆ ತೋರಿಸಿ ನಡೆದದ್ದನ್ನು ಹೇಳಿದಳು. ಅಧಿಕಾರಿ ಕೈ ಚಾಚಿ ಗಾಜಿನ ಮೇಜಿನ ದೀಪ ಆರಿಸಿದಳು.

"ಮೇಡಂ, ಹೊಸ ನಕ್ಷೆಯಲ್ಲಿ ಗೆರೆ ಕೂಡಿಸಿಬಿಟ್ರೆ ಮುಗೀತಲ್ಲ. ಹಳೇದನ್ನ ಯಾರು ಕೇಳ್ತಾರೆ? ನಿಮ್ಮ ನಿವೃತ್ತಿಗೆ ಎಂಟು ತಿಂಗಳೂ ಇಲ್ಲ. ಯಾಕೆ ಸುಮ್ನೆ ಮೈಮೇಲೆ ಎಳ್ಕೊಳ್ತೀರ?"

ಗೆರೆ ಅಕ್ಕನಿಗೂ ಹಾಗೇ ಅನ್ನಿಸಿತ್ತು, ನಿಜ ಹೇಳಬೇಕೆಂದರೆ. ಅವಳು ಹಾಳೆಗಳನ್ನು ಸುತ್ತಿ ಒಳಗಿಟ್ಟಳು. ಕರಡು ನಕ್ಷೆ ಪ್ರಕಟವಾಯಿತು. ಅದರಲ್ಲಿ ಬಿಳಿ ಪಟ್ಟಿ ಇರಲಿಲ್ಲ.

ಆದರೆ ಕೇಳುವವರು ಇದ್ದರು. ಆಕ್ಷೇಪಣೆಗಳ ವಿಚಾರಣೆ ಒಂದು ಶಾಲೆಯ ಸಭಾಂಗಣದಲ್ಲಿ ನಡೆಯಿತು. ಇನ್ನೂರು ಕುರ್ಚಿ ಹಾಕಿದ್ದರು, ಮುನ್ನೂರು ಜನ ಬಂದಿದ್ದರು. ಒಬ್ಬರಿಗೆ ತಮ್ಮ ಅಂಗಡಿ ಒಂದು ವಾರ್ಡಿಗೂ ಮನೆ ಇನ್ನೊಂದಕ್ಕೂ ಹೋಯಿತೆಂಬ ಸಂಕಟ. ಇನ್ನೊಬ್ಬರಿಗೆ ವಾರ್ಡಿನ ಸಂಖ್ಯೆಯೇ ಸರಿಬರಲಿಲ್ಲ. ನರ್ಸಮ್ಮನ ಸರದಿ ಬಂದಾಗ ಅವಳು ಎರಡೂ ಫೈಲು ಕಂಕುಳಲ್ಲಿ ಹಿಡಿದು ಎದ್ದಳು.

"ನಮ್ಮನ್ನ ಎಂಟಕ್ಕೆ ಸೇರಿಸಿದ್ದೀರಿ, ಸಂತೋಷ" ಅಂದಳು. "ನನಗೆ ಬೇಕಾಗಿರೋದು ಒಂದೇ. ಇಷ್ಟು ವರ್ಷ ನಾವು ಯಾವ ವಾರ್ಡಲ್ಲಿದ್ವಿ ಅಂತ ಬರೆದು ಕೊಡಿ. ಏಳು ಅಂದ್ರೆ ಏಳರೋರು ಸುಳ್ಳು ಹೇಳಿದ್ರು. ಎಂಟು ಅಂದ್ರೆ ಎಂಟರೋರು ಸುಳ್ಳು ಹೇಳಿದ್ರು. ಯಾರು ಅಂತ ಗೊತ್ತಾಗಬೇಕು."

"ಹಳೆಯ ದಾಖಲೆಗಳನ್ನ ಪರಿಶೀಲಿಸಬೇಕಾಗುತ್ತೆ" ಅಂದಳು ಅಧಿಕಾರಿ, ಗೆರೆ ಅಕ್ಕನ ಕಡೆ ನೋಡದೆ.

ಹಿಂದಿನ ಸಾಲಿನಲ್ಲಿ ಎಂಟರ ಸಮಿತಿಯವರು ಕೂತಿದ್ದರು. ಅವರ ನಡುವೆ ಗಂಡ. ಯಾರೋ ಅವನ ಕಡೆ ತಿರುಗಿ, "ಹೇಳ್ರಿ ಕಾರ್ಯದರ್ಶಿಗಳೇ, ಸಹಿ ನಿಮ್ಮದೇ ಅಲ್ವಾ" ಅಂದರು. ಅವನ ಕಿವಿ ಕೆಂಪಾಯಿತು. ಒಂದು ಮಾತು ಹೇಳಿದ್ದರೆ ಅವನು ಪಾರಾಗುತ್ತಿದ್ದ, ಆ ಮಾತು ಹೆಂಡತಿಯ ಹೆಸರು. ಅದನ್ನು ಅವನು ಹೇಳುವುದಿಲ್ಲ ಎಂದು ಗೆರೆ ಅಕ್ಕನಿಗೆ ಅವನ ಕೂತ ಭಂಗಿಯಲ್ಲೇ ಗೊತ್ತಾಯಿತು.

ಅವಳು ಎದ್ದು ನಿಂತಳು. ಮೈಕು ಅವಳವರೆಗೆ ಬರಲಿಲ್ಲ. ಬರಿಗಂಟಲಿನಲ್ಲೇ ಹೇಳಿದಳು.

"ಇಬ್ಬರೂ ಸುಳ್ಳು ಹೇಳಿಲ್ಲ. ಆ ಬೀದಿ ಯಾವ ವಾರ್ಡಲ್ಲೂ ಇರಲಿಲ್ಲ. ಇಪ್ಪತ್ತಾರು ವರ್ಷದ ಹಿಂದೆ ನಕ್ಷೆ ಎಳೆದೋಳು ನಾನು. ಎರಡು ಗೆರೆ ಕೂಡಿಲ್ಲ ಅಂತ ಅವತ್ತೇ ನೋಡಿದ್ದೆ. ಆಮೇಲೆ ಸರಿ ಮಾಡೋಣ ಅಂತ ಬಿಟ್ಟೆ. ಆಮೇಲೆ ಮರೆತೆ. ಹಾಳೆಗಳು ಕಚೇರಿಯಲ್ಲಿವೆ, ಯಾರು ಬೇಕಾದ್ರೂ ಬಂದು ನೋಡಬಹುದು."

ಸಭೆಯಲ್ಲಿ ಗದ್ದಲವೇನೂ ಆಗಲಿಲ್ಲ. ಮುನ್ನೂರು ಜನ ಒಬ್ಬ ಹೆಂಗಸನ್ನು ಸುಮ್ಮನೆ ನೋಡಿದರು, ಅಷ್ಟೆ. ಗದ್ದಲವೇ ವಾಸಿ ಅನ್ನಿಸುವ ಹಾಗೆ. ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದು, "ಇದನ್ನ ದಾಖಲು ಮಾಡ್ಕೊಳ್ಳಿ" ಅಂದಳು ಗುಮಾಸ್ತನಿಗೆ.

ಹೊರಗೆ ಮೆಟ್ಟಿಲ ಬಳಿ ನರ್ಸಮ್ಮ ಕಾಯುತ್ತಿದ್ದಳು.

"ಅವತ್ತು ಮನೆಗೆ ಬಂದಾಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ನಮ್ಮೆಜಮಾನರ ಕಾಲು ನೋಡಿನೂ ಹೇಳಲಿಲ್ಲ."

"ನೋಡಿದ್ಮೇಲೆ ಹೇಳೋಕೆ ಧೈರ್ಯ ಬರಲಿಲ್ಲಮ್ಮ."

ನರ್ಸಮ್ಮ ಫೈಲುಗಳನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಪರವಾಗಿಲ್ಲ ಅಂತ ನನ್ನ ಬಾಯಲ್ಲಿ ಬರಲ್ಲ. ಅದನ್ನ ಕಾಯಬೇಡಿ. ಚರಂಡಿ ಮಾಡಿಸೋಕೆ ಅಳತೆ ಇರೋ ನಕ್ಷೆ ಬೇಕಂತೆ, ಗುತ್ತಿಗೆದಾರರು ಕೇಳ್ತಾರಂತೆ. ನೀವು ಬಂದು ಎಳೆದುಕೊಡಿ."

"ಬರ್ತೀನಿ" ಅಂದಳು ಗೆರೆ ಅಕ್ಕ.

ಇಲಾಖೆಯ ವಿಚಾರಣೆ ಎರಡು ತಿಂಗಳು ನಡೆಯಿತು. ಕೊನೆಗೆ ಅವಳ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬರೆದು ಸೇರಿಸಿದರು. ಮೂವತ್ತೆರಡು ವರ್ಷದಲ್ಲಿ ಆ ಪುಸ್ತಕಕ್ಕೆ ಬಿದ್ದ ಕಪ್ಪುಚುಕ್ಕೆ ಅದೊಂದೇ. ಬೀಳ್ಕೊಡುಗೆಯ ದಿನ ಭಾಷಣ ಮಾಡಿದವರು ಅವಳ ಕೈಯ ನಾಜೂಕಿನ ಬಗ್ಗೆ ಮಾತಾಡುವಾಗ ಸ್ವಲ್ಪ ತಡವರಿಸಿದರು. ಅಧಿಕಾರಿ ಮಾತ್ರ, ವರ್ಗವಾಗಿ ಬೇರೆ ಊರಿಗೆ ಹೋಗಿದ್ದವಳು, ಅದಕ್ಕೆಂದೇ ಬಂದು ಕೊನೆಯ ಸಾಲಿನಲ್ಲಿ ಕೂತು, ಹೇಳದೆ ಕೇಳದೆ ಹೋದಳು.

ಗಂಡ ಮೊಹರನ್ನು ಎಂಟರ ಸಮಿತಿಗೆ ಒಪ್ಪಿಸಿ ಬಂದ. ವಾರವೊಪ್ಪತ್ತು ಮುಖ ಗಂಟಿಕ್ಕಿಕೊಂಡಿದ್ದ. ಅಷ್ಟರಲ್ಲಿ ಒಂಬತ್ತರವರು ಬಂದು, ನಮ್ಮಲ್ಲಿ ಕಾಗದಪತ್ರ ಬರೆಯುವವರಿಲ್ಲ ಅಂದರು. ಯೋಚಿಸಿ ಹೇಳ್ತೀನಿ ಅಂತ ಅವರನ್ನು ಕಳಿಸಿದ, ಒಂದು ತಿಂಗಳಾದರೂ ಹೇಳಲಿಲ್ಲ. ಹೆಂಡತಿ ಕೇಳಿದಾಗ, "ಸಹಿ ಹಾಕೋ ಮೊದಲು ಒಂದು ಸಲ ಹೋಗಿ ನೋಡಿ ಬರಬೇಕಿತ್ತು ನಾನು. ಹತ್ತು ನಿಮಿಷದ ದಾರಿ" ಅಂದ.

ನಿವೃತ್ತಿಯ ಮರುವಾರದಿಂದ ಗೆರೆ ಅಕ್ಕ ಆ ಬೀದಿಗೆ ಅಳತೆಗೆ ಹೋದಳು. ಮನೆಯಿಂದ ಮನೆಗೆ, ಬಾಗಿಲಿಂದ ಚರಂಡಿಗೆ. ಟೇಪಿನ ಇನ್ನೊಂದು ತುದಿ ಹಿಡಿಯಲು ಮೊದಲ ದಿನ ಕ್ಷೌರದಂಗಡಿಯವನು ಬಂದ, ಎರಡನೇ ದಿನ ಗಿರಾಕಿ ಬಂದರೆಂದು ಓಡಿದ. ಮೂರನೇ ದಿನ ಗಂಡ ಅಂಗಡಿಗೆ ಬೀಗ ಹಾಕಿ ತಾನೇ ಬಂದ. ನರ್ಸಮ್ಮನ ಯಜಮಾನ ಕುರ್ಚಿ ಹಾಕಿಸಿಕೊಂಡು ಹಸಿರು ಬಾಗಿಲಲ್ಲಿ ಕೂತು, ಟೇಪು ಸಡಿಲವಾಗಿದೆ, ಇನ್ನೂ ಎಳೀರಿ ಅಂತ ಇಬ್ಬರಿಗೂ ಹೇಳುತ್ತಿದ್ದ. ಮೂರನೇ ದಿನದ ಮಧ್ಯಾಹ್ನ ನರ್ಸಮ್ಮ ಒಳಗಿನಿಂದ ನಾಲ್ಕು ಲೋಟ ಚಹಾ ತಂದಳು. ಎಲ್ಲರಿಗೂ ಒಂದೊಂದು ಕೊಟ್ಟು, ತನ್ನದನ್ನು ಹಿಡಿದು ಅಲ್ಲೇ ಮೆಟ್ಟಿಲ ಮೇಲೆ ಕೂತಳು.

ಚರಂಡಿಯ ಕೆಲಸ ಶುರುವಾಗಲು ಇನ್ನೂ ಹದಿನಾಲ್ಕು ತಿಂಗಳು ಹಿಡಿಯಿತು.